ಅರಬ್ಬೀ ವಿದ್ಯೆಗೆ ಯೆಹೂದ್ಯ ಪಂಡಿತರ ಸೇವೆ: ಕನ್ನಡ ನಾಡಿನಿಂದ ಒಂದು ವಿಮರ್ಶೆ

1

ಒಂದು ಮತದ ಶಾಸ್ತ್ರಗಳನ್ನೂ ಅದರ ಗ್ರಂಥಭಾಷೆಯನ್ನೂ ಆ ಮತಕ್ಕೆ ಸೇರದವರು ಕೈಗೆತ್ತಿಕೊಂಡು ವ್ಯಾಸಂಗಮಾಡಿದರೆ ಆ ವ್ಯಾಸಂಗಕ್ಕೆ ಎಷ್ಟು ಬೆಲೆ ಕೊಡತಕ್ಕದ್ದು? ಹೊರಗಿನವರಿಗೆ ಒಳಗಿನ ಮರ್ಮವು ತಿಳಿಯದೆಂದು ಕೆಲವರೂ, ಹೊರಗಿನವರಿಗೇ ಪಕ್ಷಪಾತವಿಲ್ಲದ ದೃಷ್ಟಿಯಿರುವುದೆಂದು ಕೆಲವರೂ ಹೇಳುವುದುಂಟು. ಕನ್ನಡ ವಿದ್ವಾಂಸರಿಗೆ ಈ ಪ್ರಶ್ನೆಯು ಹೊಸದಲ್ಲ. ಜೈನ ಕವಿಗಳ ಕಾವ್ಯಗಳನ್ನು ಶೋಧಿಸಿ ಅಚ್ಚುಹಾಕಿಸಿದವರಲ್ಲಿ ಅನೇಕರು ಜೈನರಲ್ಲ. ನಮ್ಮ ಭಾಷೆಯ ಮಹಾನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಕಿಟ್ಟೆಲ್ ಪಂಡಿತರು ಜರ್ಮನಿಯ ಪಾದ್ರಿಗಳು. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿದ್ದ ಅಶೋಕನ ಶಾಸನಗಳನ್ನು 1892ರಲ್ಲಿ ಲೋಕಕ್ಕೆ ತಿಳಿಸಿದ ರೈಸ್ ಸಾಹೇಬರು ಬೌದ್ಧರೂ ಅಲ್ಲ, ಈ ಸೀಮೆಯವರೂ ಅಲ್ಲ. ಇವರೆಲ್ಲರ ಕೆಲಸದಲ್ಲಿಯೂ ಗುಣವಿದೆ, ದೋಷವಿದೆ. ಗುಣದೋಷಗಳೆರಡನ್ನೂ ಅವರ ಮತದಿಂದಲೇ ನಿಗಮನಮಾಡಲು ಹೊರಟರೆ ವಿಮರ್ಶೆಯು ಕೆಡುವುದು.

ಈ ಲೇಖನದಲ್ಲಿ ವಿಚಾರಿಸತಕ್ಕ ವಿಷಯವು ಇಸ್ಲಾಂ ಮತದ ಮತ್ತು ಅರಬ್ಬೀ ಭಾಷೆಯ ವ್ಯಾಸಂಗಕ್ಕೆ ಯೆಹೂದ್ಯ ಪಂಡಿತರು ಮಾಡಿದ ಸೇವೆ. ಮೇಲುನೋಟಕ್ಕೆ ಇದು ಯೂರೋಪಿನ ವಿದ್ಯಾಪೀಠಗಳ ಚರಿತ್ರೆಗೆ ಸೇರಿದ ಮಾತೆಂದು ತೋರಬಹುದು. ಆದರೆ ಈ ವ್ಯಾಸಂಗದ ಮೊದಲ ಗ್ರಂಥಗಳಲ್ಲೊಂದು ಇಂಗ್ಲಿಷಿಗೆ ಬಂದದ್ದು ಬೆಂಗಳೂರಿನಲ್ಲಿ. ಇದರ ಪ್ರಮುಖ ಪಂಡಿತರಲ್ಲೊಬ್ಬರು ಅಲೀಗಢದಲ್ಲಿ ಪಾಠ ಹೇಳುತ್ತ ಹಿಂದೂಸ್ಥಾನದ ಅರಬ್ಬೀ ಪಾರಸೀ ಶಾಸನಗಳನ್ನು ಸಂಪಾದಿಸಿದರು. ಅವರ ಶಿಷ್ಯರು 12ನೆಯ ಶತಮಾನದ ಮಂಗಳೂರಿನ ಒಂದು ಮನೆತನದ ವೃತ್ತಾಂತವನ್ನು ಹರಕು ಕಾಗದಗಳಿಂದ ಮೇಲೆತ್ತಿದರು. ಆದುದರಿಂದ ಕನ್ನಡಿಗರು ಇದರ ವಿಷಯದಲ್ಲಿ ಬರಿಯ ಪ್ರೇಕ್ಷಕರಾಗಿರಲು ಸಾಧ್ಯವಿಲ್ಲ.

2

ಮೊದಲಿಗೆ ಈ ಪಂಡಿತರಿಗಿದ್ದ ಸಾಮಗ್ರಿಯನ್ನು ನೋಡೋಣ. ಹೀಬ್ರೂ, ಅರಾಮಿಕ್, ಅರಬ್ಬೀ ಇವು ಒಂದೇ ಭಾಷಾಕುಟುಂಬಕ್ಕೆ ಸೇರಿದವು. ಮೂರು ವ್ಯಂಜನಗಳ ಧಾತುವಿನಿಂದ ಪದಗಳನ್ನು ಬೆಳೆಯಿಸುವ ಕ್ರಮವು ಮೂರಕ್ಕೂ ಸಾಧಾರಣ. ಅರಬ್ಬಿಯ 'ಸಲಾಂ' ಹೀಬ್ರೂವಿನಲ್ಲಿ 'ಶಾಲೋಂ' ಆಗಿದೆ. ಅರಬ್ಬಿಯ 'ಸದಕಾ' ಎಂಬ ದಾನವಾಚಕಕ್ಕೆ ಹೀಬ್ರೂವಿನ 'ತ್ಸೆದಾಕಾ' ಎಂಬುದು ಸಮಾನ. ಬಾಲ್ಯದಲ್ಲಿಯೇ ಹೀಬ್ರೂ ಕಲಿತವನಿಗೆ ಅರಬ್ಬಿಯು, ಕನ್ನಡ ಬಲ್ಲವನಿಗೆ ತಮಿಳು ಹೇಗೋ ಹಾಗೆ, ಅಪರಿಚಿತವಾಗಿದ್ದರೂ ಅನ್ಯವಾಗಿರಲಿಲ್ಲ.

ಎರಡನೆಯದಾಗಿ, ಅರಬ್ಬೀ ಭಾಷೆಯೇ ಅನೇಕ ಶತಮಾನಗಳ ಕಾಲ ಯೆಹೂದ್ಯರ ಶಾಸ್ತ್ರಭಾಷೆಯಾಗಿತ್ತು. 10ನೆಯ ಶತಮಾನದಲ್ಲಿ ಸಅದ್ಯಾ ಎಂಬ ಆಚಾರ್ಯನು ತನ್ನ ಮತದ ವೇದವನ್ನು ಅರಬ್ಬಿಗೆ ಪರಿವರ್ತಿಸಿದನು. 12ನೆಯ ಶತಮಾನದ ಮೈಮೊನಿದೀಸನು ತನ್ನ ಮಹಾದರ್ಶನ ಗ್ರಂಥವನ್ನು ಬರೆದುದು ಅರಬ್ಬಿಯಲ್ಲಿ, ಹೀಬ್ರೂ ಅಕ್ಷರಗಳಿಂದ. ಸಂಸ್ಕೃತವನ್ನು ನಾವು ಕನ್ನಡ ಲಿಪಿಯಲ್ಲಿ ಬರೆದು ಓದುವಂತೆಯೇ ಅವರು ಅರಬ್ಬಿಯನ್ನು ತಮ್ಮ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಯೆಹೂದ್ಯ ಮತವೂ ಇಸ್ಲಾಮೂ ಧರ್ಮಶಾಸ್ತ್ರಪ್ರಧಾನವಾದ ಮತಗಳು. ಊಟ, ಉಪವಾಸ, ಶೌಚ, ವಿವಾಹ, ದಾಯಭಾಗ, ವ್ಯಾಪಾರ ಇವೆಲ್ಲಕ್ಕೂ ಎರಡರಲ್ಲಿಯೂ ವಿಧಿನಿಷೇಧಗಳುಂಟು. ಮೂಲಗ್ರಂಥದ ಪಕ್ಕದಲ್ಲಿ ಗುರುಪರಂಪರೆಯಿಂದ ಬಂದ ವಾಚಿಕ ಸಂಪ್ರದಾಯವುಂಟು. ಯೂರೋಪಿನ ಕ್ರೈಸ್ತ ಪಂಡಿತರಲ್ಲಿ ಹಲವರಿಗೆ ಇಂಥ ವಿಧಿಗಳು ಶುಷ್ಕ ಕರ್ಮಕಾಂಡವಾಗಿ ಕಂಡವು. ತಾಲ್ಮುದನ್ನು ಓದಿ ಬೆಳೆದವರಿಗೆ ಅವು ಹಾಗೆ ಕಾಣಲಿಲ್ಲ. ವಿಧಿಯ ಸೂಕ್ಷ್ಮವಿಚಾರದಲ್ಲಿಯೂ ಭಕ್ತಿಯಿರಬಲ್ಲುದೆಂಬುದು ಅವರಿಗೆ ಮನೆಯ ಅನುಭವವಾಗಿತ್ತು. ಮೀಮಾಂಸೆಯನ್ನೂ ಧರ್ಮಸೂತ್ರಗಳನ್ನೂ ಓದಿದ ನಮ್ಮವರು ಈ ಮಾತನ್ನು ಸುಲಭವಾಗಿ ಒಪ್ಪುವರೆಂದು ನಂಬಬಹುದು.

3

ಈ ಪರಂಪರೆಯ ಆರಂಭದಲ್ಲಿ ನಿಲ್ಲುವವರು ಅಬ್ರಹಾಂ ಗೈಗರ್ ಪಂಡಿತರು. ಬಾನ್ ವಿಶ್ವವಿದ್ಯಾನಿಲಯವು ಏರ್ಪಡಿಸಿದ್ದ ಪ್ರಬಂಧಸ್ಪರ್ಧೆಯಲ್ಲಿ ಬಹುಮಾನ ಪಡೆದ ಅವರ ಗ್ರಂಥವು 1833ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಪೈಗಂಬರರು ಯೆಹೂದ್ಯ ಮತದಿಂದ ಏನೇನನ್ನು ಸ್ವೀಕರಿಸಿದರು ಎಂಬುದೇ ಅದರ ಪ್ರಶ್ನೆ. ಅದಕ್ಕೆ ಹಿಂದೆ ಯೂರೋಪಿನಲ್ಲಿ ಪೈಗಂಬರರನ್ನು ವಂಚಕರೆಂದು ಬೈಯುವುದೇ ಪಾಂಡಿತ್ಯವೆನಿಸಿತ್ತು. ಗೈಗರ್ ಪಂಡಿತರಾದರೋ ಅವರನ್ನು ಶ್ರದ್ಧಾವಂತರೆಂದು ಗಣಿಸಿ, ಕುರ್‌ಆನಿನ ಪದಗಳನ್ನೂ ಕಥೆಗಳನ್ನೂ ಹೀಬ್ರೂ ಮತ್ತು ಅರಾಮಿಕ್ ಗ್ರಂಥಗಳೊಡನೆ ಸಾವಧಾನವಾಗಿ ಹೋಲಿಸಿದರು. ಇದು ಆ ಕಾಲಕ್ಕೆ ದೊಡ್ಡ ಹೆಜ್ಜೆ.

ಈ ಗ್ರಂಥದ ಇಂಗ್ಲಿಷ್ ಪರಿವರ್ತನವು 1898ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಪರಿವರ್ತಿಸಿದವರು ಎಫ್. ಎಂ. ಯಂಗ್ ಎಂಬ ಮಹಿಳೆ. ಅವರ ಮುನ್ನುಡಿಯು 1896ರ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನಲ್ಲಿ ಬರೆದುದು. ದೆಹಲಿಯ ಮಿಷನ್ನಿನ ಮುಖ್ಯಸ್ಥರು, ಮುಸಲ್ಮಾನರೊಡನೆ ತಾವು ನಡೆಯಿಸುತ್ತಿದ್ದ ಮತಸಂವಾದಕ್ಕೆ ಇದರಿಂದ ಸಹಾಯವಾಗುವುದೆಂದು ಕೇಳಿಕೊಂಡದ್ದರಿಂದ ಈ ಕೆಲಸವು ನಡೆಯಿತು. ಯೆಹೂದ್ಯ ಪಂಡಿತನ ಚಾರಿತ್ರಿಕ ಗ್ರಂಥವು ಕ್ರೈಸ್ತ ಮಿಷನ್ನಿನ ವಾದಸಾಧನವಾಗಿ ಹಿಂದೂಸ್ಥಾನದ ಮುಸಲ್ಮಾನರ ಮುಂದೆ ಬಂದಿತೆಂಬುದನ್ನು ಇಲ್ಲಿ ಗಮನಿಸಬೇಕು. ಗ್ರಂಥಕರ್ತನ ಉದ್ದೇಶವು ಒಂದು, ಗ್ರಂಥದ ಉಪಯೋಗವು ಮತ್ತೊಂದು. ಇದು ವಿದ್ಯೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ.

ಆದರೆ ದೋಷವೆಲ್ಲವನ್ನೂ ಉಪಯೋಗದ ಮೇಲೆಯೇ ಹೊರಿಸುವಂತಿಲ್ಲ. 'ಯಾರಿಂದ ಏನು ಪಡೆದರು' ಎಂಬ ಪ್ರಶ್ನೆಯಲ್ಲಿಯೇ ಒಂದು ಕೊರತೆಯಿದೆ. ಎರಡು ಕಡೆ ಒಂದೇ ಕಥೆಯಿದ್ದರೆ ಹಿಂದಿನದನ್ನು ಧನಿಯೆಂದೂ ಮುಂದಿನದನ್ನು ಸಾಲಗಾರನೆಂದೂ ಲೆಕ್ಕ ಬರೆಯುವುದು ಸುಲಭ. ಆದರೆ ಆ ಲೆಕ್ಕದಿಂದ ಮುಂದಿನದರ ಅರ್ಥವು ತಿಳಿಯುವುದಿಲ್ಲ. ಪಂಪನು ವ್ಯಾಸನಿಂದ ಕಥೆಯನ್ನು ಪಡೆದನೆಂದು ಹೇಳಿದ ಮಾತ್ರಕ್ಕೆ ವಿಕ್ರಮಾರ್ಜುನವಿಜಯದ ವಿಮರ್ಶೆಯು ಮುಗಿಯುವುದೆ? ನಮ್ಮ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಸಂಸ್ಕೃತ ಪದವು ಕನ್ನಡಕ್ಕೆ ಬಂದು ಕನ್ನಡದ ಧ್ವನಿನಿಯಮಕ್ಕೆ ಒಳಗಾದಮೇಲೆ ಅದು ಕನ್ನಡದ ಸೊತ್ತು. ಅದರ ವಿಭಕ್ತಿ, ಅದರ ಸಮಾಸ, ಅದರ ಅರ್ಥವ್ಯಾಪ್ತಿ ಎಲ್ಲವೂ ಇಲ್ಲಿಯ ವ್ಯಾಕರಣಕ್ಕೆ ಅಧೀನ. ಮತಗಳ ಚರಿತ್ರೆಯಲ್ಲಿಯೂ ಈ ತದ್ಭವನ್ಯಾಯವನ್ನು ಅನ್ವಯಿಸಬೇಕೆಂದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆಯನ್ನು ಕೊಡುವೆವು. ಗೈಗರ್ ಪಂಡಿತರು ವಿಚಾರಿಸಿದ ಪದಗಳಲ್ಲಿ 'ತಾಬೂತ್' ಎಂಬುದೊಂದು. ಹೀಬ್ರೂವಿನ 'ತೇವಾ' ಎಂಬ ಪದಕ್ಕೆ ನೋಹನ ನಾವೆಯೆಂದೂ ಶಿಶು ಮೋಶೆಯನ್ನು ನೀರಿನಲ್ಲಿ ತೇಲಿಬಿಟ್ಟ ಪೆಟ್ಟಿಗೆಯೆಂದೂ ಅರ್ಥವಿದೆ. ಅದರ ರೂಪಾಂತರವೊಂದು ಅರಾಮಿಕ್ಕಿನ ಮೂಲಕವೋ ಹಬಶಿಯ ಮೂಲಕವೋ ಅರಬ್ಬಿಗೆ ಬಂದು, ಕುರ್‌ಆನಿನಲ್ಲಿ ಮೂಸಾನ ಪೆಟ್ಟಿಗೆಗೂ ಇಸ್ರಾಯೇಲ್ಯರ ಪವಿತ್ರ ಮಂಜೂಷಕ್ಕೂ ಹೆಸರಾಯಿತು. ಅಲ್ಲಿಂದ ಪಾರಸಿ, ದಖನಿಗಳನ್ನು ಹಾಯ್ದು ಕನ್ನಡಕ್ಕೆ ಬಂದ 'ತಾಬೂತು' ಇಂದು ನಮ್ಮ ಬಯಲುಸೀಮೆಯ ಊರುಗಳಲ್ಲಿ ಮೊಹರಮ್ಮಿನ ಮೆರವಣಿಗೆಯ ಮಂಟಪಕ್ಕೆ ಹೆಸರು. ಆ ಹಬ್ಬದಲ್ಲಿ ಹಿಂದೂಗಳೂ ಹರಕೆ ಸಲ್ಲಿಸುವರು. ಮೂಲವನ್ನು ಹೇಳಿದವನು ಈ ಪದದ ಒಂದು ತುದಿಯನ್ನು ಮಾತ್ರ ಹೇಳಿದಂತಾಯಿತು. ನಡುವಿನ ದಾರಿಯೇ ಅದರ ಚರಿತ್ರೆ.

4

ಗೈಗರ್ ಪಂಡಿತರ ಪ್ರಶ್ನೆಯನ್ನು ದಾಟಿ, ಇಸ್ಲಾಮನ್ನು ಅದರ ಸ್ವಂತ ಬೆಳೆವಣಿಗೆಯಲ್ಲಿ ನೋಡಿದವರು ಹಂಗೆರಿಯ ಇಗ್ನಾಟ್ಸ್ ಗೋಲ್ಡ್‌ಜಿಹರ್ ಪಂಡಿತರು (1850-1921). 1873-74ರಲ್ಲಿ ಅವರು ಸಿರಿಯಾ ಈಜಿಪ್ಟುಗಳಲ್ಲಿ ಸಂಚರಿಸಿ, ಕೈರೋ ನಗರದ ಅಲ್-ಅಜ್ಹರ್ ವಿದ್ಯಾಪೀಠದಲ್ಲಿ ಮುಸಲ್ಮಾನ ವಿದ್ಯಾರ್ಥಿಗಳ ನಡುವೆ ಕುಳಿತು ಪಾಠ ಕೇಳಿದರು. ಊರಿಗೆ ಹಿಂದಿರುಗಿದಮೇಲೆ ವೇತನವುಳ್ಳ ಪ್ರಾಧ್ಯಾಪಕ ಪೀಠವು ಬಹುಕಾಲ ದೊರೆಯಲಿಲ್ಲ. 1876ರಿಂದ ಸುಮಾರು 30 ವರ್ಷ ಬುಡಾಪೆಸ್ಟಿನ ಯೆಹೂದ್ಯ ಸಮಾಜದ ಕಾರ್ಯದರ್ಶಿಯಾಗಿ ದುಡಿಯುತ್ತ, ಬಿಡುವಿನ ವೇಳೆಯಲ್ಲಿ ತಮ್ಮ ಗ್ರಂಥಗಳನ್ನು ಬರೆದರು. 1978ರಲ್ಲಿ ಅಚ್ಚಾದ ಅವರ ದಿನಚರಿಯಿಂದ, ಇಸ್ಲಾಮಿನ ಏಕದೇವನಿಷ್ಠೆಯು ಅವರ ಮನಸ್ಸನ್ನು ಎಷ್ಟು ಆಳವಾಗಿ ಹಿಡಿದಿತ್ತೆಂಬುದು ತಿಳಿಯುತ್ತದೆ. ಆದರೂ ಕಡೆಯವರೆಗೆ ಅವರು ಸ್ವಮತದ ಆಚಾರದಲ್ಲಿಯೇ ನಿಂತರು.

1889-90ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ಗ್ರಂಥದ ಎರಡನೆಯ ಭಾಗವು ಹದೀಸುಗಳ ವಿಮರ್ಶೆ. ಪೈಗಂಬರರ ನಡೆನುಡಿಗಳೆಂದು ಪರಂಪರೆಯಿಂದ ಬಂದ ಈ ವಾಕ್ಯಗಳಲ್ಲಿ ಬಹುಭಾಗವು ಪೈಗಂಬರರ ಕಾಲಕ್ಕಿಂತ ಹೆಚ್ಚಾಗಿ ಮುಂದಿನ ಎರಡು ಶತಮಾನಗಳ ವಾದವಿವಾದಗಳಿಗೆ ಸಾಕ್ಷಿಯೆಂದು ಅವರು ಸಾಧಿಸಿದರು. ಈ ಸಿದ್ಧಾಂತವನ್ನು ಕೇಳಿ ಅನೇಕ ಮುಸಲ್ಮಾನ ವಿದ್ವಾಂಸರು ನೊಂದದ್ದು ಸಹಜ. ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕು. ಕೃತಕವಾದ ಹದೀಸುಗಳುಂಟೆಂಬುದನ್ನು ಮೊದಲು ಹೇಳಿದವರು ಮುಸಲ್ಮಾನ ಪಂಡಿತರೇ. ಹೇಳಿದವರ ನಡತೆ, ಜ್ಞಾಪಕಶಕ್ತಿ, ಕಾಲದೇಶಗಳನ್ನು ಒರೆಹಚ್ಚುವ ಒಂದು ಶಾಸ್ತ್ರವನ್ನೇ ಅವರು ಕಟ್ಟಿದ್ದರು. ಗೋಲ್ಡ್‌ಜಿಹರ್ ಪಂಡಿತರ ಆಧಾರಗಳಲ್ಲಿ ಬಹಳಷ್ಟು ಆ ಶಾಸ್ತ್ರದಿಂದಲೇ ಬಂದವು. ಎರಡನೆಯದಾಗಿ, ಅವರ ಮಾತನ್ನು ಅನುಯಾಯಿಗಳು 'ಎಲ್ಲವೂ ಕಲ್ಪಿತ'ವೆಂಬವರೆಗೆ ಎಳೆದರು. 1967ರಲ್ಲಿ ನಬಿಯಾ ಆಬಟ್ ಮತ್ತು ಫುಅತ್ ಸೆಜ್ಗಿನ್, 1968ರಲ್ಲಿ ಮುಹಮ್ಮದ್ ಮುಸ್ತಫಾ ಆಜ್ಮೀ ಇವರು ಹದೀಸುಗಳು ಬಹು ಮುಂಚೆಯೇ ಬರೆವಣಿಗೆಯಲ್ಲಿ ಇಳಿಯುತ್ತಿದ್ದುವೆಂದು ವಾದಿಸಿ ಆ ಅತಿರೇಕಕ್ಕೆ ತಡೆಯೊಡ್ಡಿದರು. ವಾದವು ಇನ್ನೂ ಮುಗಿದಿಲ್ಲ.

ಮುಗಿಯದ ವಾದದಲ್ಲಿಯೂ ಉಳಿಯುವ ಲಾಭವೊಂದುಂಟು. ಒಂದು ಸಾಕ್ಷ್ಯವು ತಾನು ವರ್ಣಿಸುವ ಕಾಲಕ್ಕೆ ಪ್ರಮಾಣವಾಗದಿದ್ದರೂ, ತಾನು ಹುಟ್ಟಿದ ಕಾಲಕ್ಕೆ ಪ್ರಮಾಣವಾಗಬಲ್ಲುದೆಂಬುದೇ ಆ ಲಾಭ. ಚಿತ್ರದುರ್ಗದ ಪಾಳೆಯಗಾರರ ಬಖೈರುಗಳನ್ನು ಓದುವವರಿಗೆ ಇದು ಬಹು ಉಪಯುಕ್ತವಾದ ಸೂತ್ರ. ಅವುಗಳಲ್ಲಿಯ ವಂಶಮೂಲದ ಕಥೆಗಳನ್ನು ಅಕ್ಷರಶಃ ನಂಬಬೇಕಾದುದಿಲ್ಲ, ಕಟ್ಟುಕಥೆಯೆಂದು ಎಸೆಯಬೇಕಾದುದೂ ಇಲ್ಲ. ನಾಯಕರ ಮನೆತನವು ತನ್ನನ್ನು ಯಾವ ರೂಪದಲ್ಲಿ ಕಾಣಲು ಬಯಸಿತೆಂಬುದಕ್ಕೆ ಅವು ಸಾಕ್ಷಿ. 'ಬಖೈರು' ಎಂಬ ಪದವೇ ಅರಬ್ಬಿಯ 'ಖಬರ್' ಎಂಬುದರಿಂದ, ಅಕ್ಷರಗಳು ಹಿಂದುಮುಂದಾಗಿ, ಮರಾಠಿಯ ಮೂಲಕ ಬಂದುದೆಂದು ಹಲವು ವಿದ್ವಾಂಸರ ಮತ.

5

ಹಿಂದೂಸ್ಥಾನಕ್ಕೆ ಸ್ವತಃ ಬಂದು ನೆಲಸಿ ಕೆಲಸಮಾಡಿದವರು ಯೋಸೆಫ್ ಹೊರೊವಿಟ್ಜ್ ಪಂಡಿತರು (1874-1931). 1907ರಿಂದ ಮೊದಲನೆಯ ಮಹಾಯುದ್ಧದ ಆರಂಭದವರೆಗೆ ಅವರು ಅಲೀಗಢದ ಕಾಲೇಜಿನಲ್ಲಿ ಅರಬ್ಬೀ ಅಧ್ಯಾಪಕರಾಗಿದ್ದರು. ಮುಸಲ್ಮಾನರ ವಿದ್ಯಾಸಂಸ್ಥೆಯು ಜರ್ಮನಿಯ ಯೆಹೂದ್ಯನೊಬ್ಬನನ್ನು ಕರೆಯಿಸಿ ಅವನಿಂದ ಅರಬ್ಬೀ ಪಾಠವನ್ನು ಹೇಳಿಸಿಕೊಂಡಿತು. ಅಲ್ಲಿಯೇ ಹಮೀದುದ್ದೀನ್ ಫರಾಹೀ ಎಂಬ ಕುರ್‌ಆನ್ ವ್ಯಾಖ್ಯಾನಕಾರರು ಅವರಲ್ಲಿ ಹೀಬ್ರೂ ಕಲಿತರು. ವಿದ್ಯೆಯು ಒಂದೇ ದಿಕ್ಕಿಗೆ ಹರಿಯಲಿಲ್ಲ.

ಭಾರತ ಸರಕಾರವು ಹೊರಡಿಸುತ್ತಿದ್ದ ಅರಬ್ಬೀ ಪಾರಸೀ ಶಾಸನಗಳ ಸಂಪುಟಮಾಲೆಯ ಸಂಪಾದಕತ್ವವನ್ನೂ ಹೊರೊವಿಟ್ಜ್ ಪಂಡಿತರು ಕೆಲಕಾಲ ವಹಿಸಿದ್ದರು. ಅವರ ಅನಂತರ ಆ ಕೆಲಸವು ಹೈದರಾಬಾದು ಸಂಸ್ಥಾನದ ಗುಲಾಂ ಯಜ್ದಾನಿಯವರ ಕೈಗೆ ಬಂದಿತು. ಕಲಬುರಗಿ, ಬೀದರುಗಳ ಶಾಸನಗಳನ್ನು ಓದಿ ಪ್ರಕಟಿಸಿದವರೂ, 1947ರಲ್ಲಿ ಬೀದರಿನ ಚರಿತ್ರೆ ಮತ್ತು ಕಟ್ಟಡಗಳನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದವರೂ ಇವರೇ. ಬಹಮನಿ ಸುಲ್ತಾನರ ವಿಷಯದಲ್ಲಿ ಇಂದು ಕನ್ನಡದಲ್ಲಿ ಬರೆಯುವವರು ಈ ಸಂಪುಟಗಳಿಗೆ ಋಣಿಗಳು.

ಹೈದರಾಬಾದಿನ ಮಾತು ಬಂದುದರಿಂದ ಮತ್ತೊಬ್ಬರನ್ನು ನೆನೆಯಬೇಕು. 1900ರಲ್ಲಿ ಲೆಂಬರ್ಗಿನಲ್ಲಿ ಯೆಹೂದ್ಯ ಆಚಾರ್ಯರ ವಂಶದಲ್ಲಿ ಹುಟ್ಟಿದ ಲಿಯೋಪೋಲ್ಡ್ ವೈಸ್ ಎಂಬವರು 1926ರಲ್ಲಿ ಇಸ್ಲಾಮನ್ನು ಸ್ವೀಕರಿಸಿ ಮುಹಮ್ಮದ್ ಅಸದ್ ಎಂದು ಹೆಸರಾದರು. ಹೈದರಾಬಾದಿನಿಂದ ಹೊರಡುತ್ತಿದ್ದ ಇಸ್ಲಾಮೀ ಸಂಸ್ಕೃತಿಯ ತ್ರೈಮಾಸಿಕವನ್ನು 1936ರಲ್ಲಿ ಪಿಕ್ತಾಲರು ತೀರಿಕೊಂಡಮೇಲೆ ಕೆಲಕಾಲ ಸಂಪಾದಿಸಿದವರು ಇವರು. 1980ರಲ್ಲಿ ಇವರ ಸವ್ಯಾಖ್ಯಾನ ಕುರ್‌ಆನ್ ಪರಿವರ್ತನವು ಪೂರ್ಣವಾಗಿ ಬೆಳಕು ಕಂಡಿತು. ಗೋಲ್ಡ್‌ಜಿಹರ್ ಪಂಡಿತರು ಬಾಗಿಲಲ್ಲಿ ನಿಂತರು, ಅಸದರು ಒಳಹೊಕ್ಕರು. ಗೈಗರ್ ಪಂಡಿತರಿಗಿದ್ದ ಪ್ರಶ್ನೆಯು ಇವರಿಬ್ಬರಿಗೂ ಇರಲಿಲ್ಲ. 'ಯೆಹೂದ್ಯರ ದೃಷ್ಟಿ' ಎಂದು ಒಂದೇ ಹೆಸರಿನಡಿಯಲ್ಲಿ ಇವರೆಲ್ಲರನ್ನೂ ಕಟ್ಟುವುದು ತಪ್ಪೆಂಬುದಕ್ಕೆ ಇಷ್ಟೇ ಸಾಕು.

ಆದರೆ ಹೊರಗಿನ ಲೋಕವು ಅವರನ್ನು ಒಂದೇ ಹೆಸರಿನಡಿಯಲ್ಲಿ ಕಟ್ಟಿತು. 1933ರಿಂದ ಜರ್ಮನಿಯಲ್ಲಿ ಯೆಹೂದ್ಯ ಅಧ್ಯಾಪಕರು ಪದಚ್ಯುತರಾದರು. ಫ್ರಾಂಕ್‌ಫರ್ಟಿನಲ್ಲಿ ಹೊರೊವಿಟ್ಜ್ ಪಂಡಿತರ ಪೀಠಕ್ಕೆ ಬಂದಿದ್ದ ಗೊಟ್‌ಹೋಲ್ಡ್ ವೈಲರು ಅದನ್ನು ಕಳೆದುಕೊಂಡು ಜೆರೂಸಲೇಮನ್ನು ಸೇರಿದರು. ಹಾಂಬುರ್ಗಿನ ಹೆಡ್ವಿಗ್ ಕ್ಲೈನ್ ಎಂಬ ಅರಬ್ಬೀ ವಿದುಷಿಗೆ ಮುಂಬಯಿಗೆ ಬರಲು ಅನುಮತಿ ದೊರೆತಿತ್ತು. 1939ರ ಆಗಸ್ಟಿನಲ್ಲಿ ಅವರು ಹತ್ತಿದ ಹಡಗು ಯುದ್ಧಭೀತಿಯಿಂದ ಆಂಟ್ವರ್ಪಿನಿಂದಲೇ ಹಿಂದಿರುಗಿತು. ಅನಂತರ ಅವರು ಹಾನ್ಸ್ ವೇರ್ ಎಂಬ ಪಂಡಿತರ ಅರಬ್ಬೀ ನಿಘಂಟಿಗೆ ಪದಗಳನ್ನು ಸಂಗ್ರಹಿಸಿಕೊಡುವ ಕೆಲಸದಿಂದ ಸ್ವಲ್ಪಕಾಲ ಪ್ರಾಣವನ್ನುಳಿಸಿಕೊಂಡರು. 1942ರ ಜುಲೈಯಲ್ಲಿ ಅವರನ್ನು ಆಷ್‌ವಿಟ್ಜಿಗೆ ಸಾಗಿಸಲಾಯಿತು. ಅಲ್ಲಿಂದ ಅವರು ಹಿಂದಿರುಗಲಿಲ್ಲ. 1952ರಲ್ಲಿ ಪ್ರಕಟವಾದ ಆ ನಿಘಂಟಿನ ಮುನ್ನುಡಿಯಲ್ಲಿ ಅವರ ಹೆಸರಿತ್ತು, ಅವರಿಗೆ ಆದುದು ಏನೆಂಬುದಿರಲಿಲ್ಲ. ಇಂದು ಲೋಕದಲ್ಲೆಲ್ಲ ಅರಬ್ಬೀ ಕಲಿಯುವವರು ದಿನವೂ ತೆರೆಯುವ ನಿಘಂಟು ಅದು.

6

ಹೊರೊವಿಟ್ಜ್ ಪಂಡಿತರ ಶಿಷ್ಯರಲ್ಲಿ ಶ್ಲೋಮೋ ಗೊಯ್ಟೈನ್ ಪಂಡಿತರು (1900-1985) ನಮಗೆ ಅತ್ಯಂತ ಹತ್ತಿರದವರು. ಬವೇರಿಯದಲ್ಲಿ ಹುಟ್ಟಿ, 1923ರಲ್ಲಿ ಜರ್ಮನಿಯನ್ನು ಬಿಟ್ಟ ಇವರು ತಮ್ಮ ಆಯುಸ್ಸಿನ ಉತ್ತರಾರ್ಧವನ್ನು ಕೈರೋ ಗೆನೀಜಾದ ಕಾಗದಗಳಿಗೆ ಮುಡಿಪಿಟ್ಟರು. ಸವೆದ ಓಲೆಗಳನ್ನು ಕಸಕ್ಕೆ ಹಾಕದೆ ಹೊಳೆಗೆ ಬಿಡುವ ಪದ್ಧತಿ ನಮ್ಮಲ್ಲಿದ್ದಂತೆ, ದೇವರ ಹೆಸರಿರಬಹುದಾದ ಹಳೆಯ ಕಾಗದವನ್ನು ಯೆಹೂದ್ಯರು ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು, ಅದೇ ಗೆನೀಜಾ. ಹೊಳೆಗೆ ಬಿಟ್ಟುದು ಹೋಯಿತು, ಕೋಣೆಯಲ್ಲಿಟ್ಟುದು ಉಳಿಯಿತು. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಅಂಥ ಕೋಣೆಯಿಂದ 1896-97ರಲ್ಲಿ ಷೆಖ್ಟರ್ ಪಂಡಿತರು ಕೇಂಬ್ರಿಜಿಗೆ ಸಾಗಿಸಿದ ತುಂಡುಗಳೇ 1,90,000ಕ್ಕೆ ಮೇಲ್ಪಟ್ಟಿವೆ. ಅವುಗಳಲ್ಲಿ ಧರ್ಮಗ್ರಂಥಗಳ ಜೊತೆಗೆ ವರ್ತಕರ ಪತ್ರಗಳೂ ಲೆಕ್ಕದ ಚೀಟಿಗಳೂ ಹೇರಳವಾಗಿ ಸೇರಿದ್ದುವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಇವುಗಳಿಂದ ತಿಳಿದುಬಂದ ವ್ಯಕ್ತಿಗಳಲ್ಲೊಬ್ಬನು ಅಬ್ರಹಾಂ ಬೆನ್ ಯೀಜು. ತ್ಯೂನಿಸಿಯಾ ಕರಾವಳಿಯ ಮಹ್ದಿಯಾದವನಾದ ಈ ವರ್ತಕನು 1132ರ ವೇಳೆಗೆ ಮಂಗಳೂರಿನಲ್ಲಿದ್ದನು. ಆ ವರ್ಷದ ಅಕ್ಟೋಬರ್ 17ರಂದು ಆಶು ಎಂಬ ದಾಸಿಗೆ ಬಿಡುಗಡೆ ಕೊಟ್ಟು ಬರೆದ ಪತ್ರವು ರಷ್ಯಾದ ಸಂಗ್ರಹದಲ್ಲಿ ಉಳಿದಿದೆ. ಅವನ ಮಕ್ಕಳ ತಾಯಿ ಇವಳೇ ಎಂದು ವಿದ್ವಾಂಸರ ಊಹೆ. ಅವನಿಗೆ ಮಂಗಳೂರಿನಲ್ಲಿ ಹಿತ್ತಾಳೆಯ ಕಾರ್ಖಾನೆಯಿದ್ದಿತು. ಏಡನ್ನಿನ ಮಿತ್ರರು ಒಡೆದ ಪಾತ್ರೆಗಳನ್ನು ಕಳುಹಿಸಿ, ಹೊಸದಾಗಿ ಎರಕಹೊಯ್ಯಿಸಿ ತರಿಸಿಕೊಳ್ಳುತ್ತಿದ್ದರು. ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಹೋಗುತ್ತಿದ್ದುವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದುವು. 1149ರಲ್ಲಿ ಅವನು ಮಕ್ಕಳೊಡನೆ ಏಡನ್ನಿಗೆ ಹಿಂದಿರುಗಿದನು. ಗೊಯ್ಟೈನ್ ಪಂಡಿತರು ಪ್ರಾರಂಭಿಸಿದ ಈ ಪತ್ರಗಳ ಸಂಪುಟವನ್ನು ಅವರ ಮರಣಾನಂತರ ಮೊರ್ದೆಖೈ ಫ್ರೀಡ್‌ಮನ್ನರು ಮುಗಿಸಿ 2008ರಲ್ಲಿ ಪ್ರಕಟಿಸಿದರು.

ಕರ್ಣಾಟಕದ ಚರಿತ್ರೆಗೆ ಈ ಪತ್ರಗಳ ಬೆಲೆಯೇನೆಂಬುದನ್ನು ಯೋಚಿಸಬೇಕು. ಅದು ತುಳುನಾಡಿನಲ್ಲಿ ಆಳುಪರೂ, ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನೂ, ಚಿತ್ರದುರ್ಗವನ್ನೊಳಗೊಂಡ ನೊಳಂಬವಾಡಿಯಲ್ಲಿ ಉಚ್ಚಂಗಿಯ ಪಾಂಡ್ಯರೂ ಇದ್ದ ಕಾಲ. ಆ ಕಾಲದ ನಮ್ಮ ಶಾಸನಗಳು ಹೇಳುವುದು ದತ್ತಿ, ದಾನ, ಯುದ್ಧ, ವೀರಮರಣಗಳನ್ನು. ಮಾರುಕಟ್ಟೆಯ ಜಗಳ, ತಡವಾದ ಸಾಲ, ಮುಳುಗಿದ ಹಡಗು, ಮನೆಗೆ ಬೇಕಾದ ಸಕ್ಕರೆ ಇವುಗಳನ್ನು ಕಲ್ಲಿನಲ್ಲಿ ಯಾರೂ ಕೊರೆಯಿಸಲಿಲ್ಲ. ಶಾಸನವು ಬಿಟ್ಟುದನ್ನು ಈ ಪತ್ರಗಳು ಹೇಳುತ್ತವೆ. ಹೇಳುವುದು ಕನ್ನಡದಲ್ಲಿಯೂ ಅಲ್ಲ, ತುಳುವಿನಲ್ಲಿಯೂ ಅಲ್ಲ, ಹೀಬ್ರೂ ಅಕ್ಷರದ ಅರಬ್ಬಿಯಲ್ಲಿ.

7

ಈ ಪತ್ರಗಳ ವಿಮರ್ಶೆಯಲ್ಲಿ ಒಂದು ಚಿಕ್ಕ ಸಮಸ್ಯೆಯು ದೊಡ್ಡ ಪಾಠವನ್ನು ಕಲಿಸುವುದು. 1148ರಲ್ಲಿ ಏಡನ್ನಿನ ಖಲಫ್ ಇಬ್ನ್ ಇಸ್‌ಹಾಕನು ಬೆನ್ ಯೀಜುವಿಗೆ ಬರೆದ ಪತ್ರದಲ್ಲಿ ಅವನ ಆಳಿಗೆ ವಂದನೆ ಹೇಳಿದ್ದಾನೆ. ಜೆರೂಸಲೇಮಿನ ಗ್ರಂಥಭಂಡಾರದಲ್ಲಿದ್ದ ಈ ಪತ್ರವನ್ನು 1942ರಲ್ಲಿ ಸ್ಟ್ರೌಸ್ ಎಂಬ ಪಂಡಿತರು ಮೊದಲು ಪ್ರಕಟಿಸಿದರು. ಯಜಮಾನನ ಪರವಾಗಿ ಏಡನ್ನಿಗೂ ಹೋಗಿಬಂದು ವ್ಯವಹಾರ ನಡೆಯಿಸುತ್ತಿದ್ದ ಆ ಆಳಿನ ಹೆಸರೇನು? ಬರೆವಣಿಗೆಯಲ್ಲಿ ಬಕಾರ ಮಕಾರಗಳುಂಟು. ಹ್ರಸ್ವಸ್ವರಗಳನ್ನೂ ದ್ವಿತ್ವವನ್ನೂ ಆ ಲಿಪಿಯಲ್ಲಿ ಸಾಮಾನ್ಯವಾಗಿ ಗುರುತಿಸುವುದಿಲ್ಲ. ಗೊಯ್ಟೈನ್ ಪಂಡಿತರು ಅದನ್ನು 'ಬಮ' ಎಂದು ಓದಿ, ಬ್ರಹ್ಮ ಶಬ್ದದ ದೇಶ್ಯರೂಪವಿರಬಹುದೆಂದು ಕೇಳಿ ತಿಳಿದಿದ್ದರು. ಅರಬ್ಬಿಯನ್ನೂ ಹೀಬ್ರೂವನ್ನೂ ಅವರಷ್ಟು ಬಲ್ಲವರು ವಿರಳ. ಆದರೆ ಅಲ್ಲಿಗೆ ಅವರ ದಾರಿಯು ನಿಂತಿತು.

1992ರಲ್ಲಿ ಪ್ರಕಟವಾದ ಅಮಿತಾವ್ ಘೋಷರ ಗ್ರಂಥದಲ್ಲಿ ಆ ಹೆಸರು 'ಬೊಮ್ಮ' ಎಂದು ಸ್ಥಿರಪಟ್ಟಿತು. ಮಂಗಳೂರಿನ ವಿದ್ವಾಂಸರಾದ ಬಿ. ಎ. ವಿವೇಕ ರೈಯವರು ಇದಕ್ಕೆ ದಾರಿ ತೋರಿದುದನ್ನು ಗ್ರಂಥಕರ್ತರೇ ತಿಳಿಸಿದ್ದಾರೆ. ಕನ್ನಡ ಬಲ್ಲ ಯಾರಿಗಾದರೂ ಇದು ತಟ್ಟನೆ ಹೊಳೆಯತಕ್ಕದ್ದು. 'ಬ್ರಹ್ಮ'ದ ತದ್ಭವವು 'ಬೊಮ್ಮ'. 12ನೆಯ ಶತಮಾನದ ಶಾಸನಗಳಲ್ಲಿ ಬೊಮ್ಮಯ್ಯ, ಬೊಮ್ಮಿಸೆಟ್ಟಿ, ಬೊಮ್ಮರಸರು ಹೆಜ್ಜೆಹೆಜ್ಜೆಗೂ ಎದುರಾಗುವರು. ಚಿತ್ರದುರ್ಗದ ಸೀಮೆಯಲ್ಲಿಯೇ ಬೊಮ್ಮಗೊಂಡನಕೆರೆಯಿದೆ. ಅದೇ ಶಬ್ದದ ಇನ್ನೊಂದು ತದ್ಭವವನ್ನು ಬಿಚ್ಚುಗತ್ತಿ ಭರಮಣ್ಣನಾಯಕನು ಹೊತ್ತಿದ್ದಾನೆ. ತತ್ಸಮ ರೂಪವು ಬ್ರಹ್ಮಗಿರಿಯಲ್ಲಿ ನಿಂತಿದೆ. ಕೇಂಬ್ರಿಜಿನಲ್ಲಿಯೂ ಜೆರೂಸಲೇಮಿನಲ್ಲಿಯೂ ದೊರೆಯದ ಕೀಲಿಕೈಯು ಇಲ್ಲಿಯ ಹಳ್ಳಿಯ ಹೆಸರಿನಲ್ಲಿತ್ತು.

ಆದರೆ ಹೆಸರಿನ ಓದು ಬೇರೆ, ಹೆಸರಿನಿಂದ ಜೀವನಚರಿತ್ರೆಯನ್ನು ಕಟ್ಟುವುದು ಬೇರೆ. ಘೋಷರು ಬೊಮ್ಮನನ್ನು ತುಳುನಾಡಿನ ಭೂತಾರಾಧನೆಯ ಬೆರ್ಮೆರ ಜೊತೆಗೂ, ಅದೇ ಶತಮಾನದ ವಚನಕಾರರ ಭಾವನೆಯ ಜೊತೆಗೂ ಸಂಬಂಧಪಡಿಸಿದ್ದಾರೆ. ಆ ಭಾಗವು ರಮ್ಯವಾಗಿದೆ; ಪ್ರಮಾಣವಾಗಿಲ್ಲ. ಘಟ್ಟದ ಮೇಲೂ ಕೆಳಗೂ ಇಷ್ಟು ವ್ಯಾಪಕವಾಗಿದ್ದ ಹೆಸರು ಅವನ ಕುಲವನ್ನಾಗಲಿ ಮಾತೃಭಾಷೆಯನ್ನಾಗಲಿ ನಿರ್ಣಯಿಸಲಾರದು. ಅವನು ತುಳುವನಿರಬಹುದು; ಘಟ್ಟದ ಮೇಲಿನಿಂದ ಇಳಿದುಬಂದವನೂ ಇರಬಹುದು. ಹಾಗೆಯೇ ಅವನನ್ನು ಯೂರೋಪಿನ ಭಾಷೆಗಳಲ್ಲಿ 'ಗುಲಾಮ'ನೆಂದು ಹೇಳಿದಾಗ ಮನಸ್ಸಿಗೆ ಬರುವ ಚಿತ್ರವು ಈ ಪತ್ರಗಳಿಗೆ ಹೊಂದುವುದಿಲ್ಲ. ಸೇವಕ, ಯೋಧ, ನಂಬಿಕೆಯ ಬಂಟ ಎಂಬ ಅರ್ಥಗಳೆಲ್ಲವನ್ನೂ ಒಳಗೊಳ್ಳುವ ನಮ್ಮ 'ಆಳು' ಎಂಬ ಪದವೇ ಇಲ್ಲಿ ಹೆಚ್ಚು ಸಮರ್ಪಕ. ಪರಿವರ್ತನದಲ್ಲಿ ಕನ್ನಡವು ಇಂಗ್ಲಿಷಿಗಿಂತ ನಿಖರವಾಗಬಲ್ಲ ಸ್ಥಳವಿದು.

8

ಇಷ್ಟರಿಂದ ತೇಲುವ ತೀರ್ಮಾನವೇನು? ಯೆಹೂದ್ಯ ಪಂಡಿತರ ಶ್ರೇಷ್ಠತೆಯು ಅವರು ಹೊರಗಿನವರಾಗಿದ್ದುದರಿಂದ ಬಂದುದಲ್ಲ, ನೆರೆಯವರಾಗಿದ್ದುದರಿಂದ ಬಂದುದು. ನೆರೆಯವನಿಗೆ ಭಾಷೆ ತಿಳಿಯುವುದು, ಆಚಾರ ತಿಳಿಯುವುದು. ಆದರೂ ಮನೆ ಬೇರೆ. ಆ ನೆರೆತನವು ಗೈಗರ್ ಪಂಡಿತರಲ್ಲಿ ಸಾಲದ ಲೆಕ್ಕವಾಗಿ ಕಾಣಿಸಿಕೊಂಡಿತು. ಗೋಲ್ಡ್‌ಜಿಹರ್ ಪಂಡಿತರಲ್ಲಿ ಶಾಸ್ತ್ರದ ಒಳನೋಟವಾಯಿತು. ಗೊಯ್ಟೈನ್ ಪಂಡಿತರಲ್ಲಿ ಒಂದು ಸಮಾಜದ ನಿತ್ಯಜೀವನದ ಚಿತ್ರವಾಯಿತು. ನೆರೆತನವು ಮುಗಿದಲ್ಲಿ, ಎಂದರೆ ಮಂಗಳೂರಿನ ಒಬ್ಬ ಆಳಿನ ಹೆಸರಿನಲ್ಲಿ, ಅವರಿಗೆ ಮತ್ತೊಬ್ಬ ನೆರೆಯವನು ಬೇಕಾದನು.

ಆ ನೆರೆಯವರಾಗಲು ನಾವು ಸಿದ್ಧರಾಗಿದ್ದೇವೆಯೆ ಎಂಬುದು ಉಳಿದ ಪ್ರಶ್ನೆ. ಹಿರಿಯೂರಿಗೆ ದಕ್ಷಿಣದ ಸಿರಾ 1687ರಿಂದ ಮೊಗಲರ ಸುಬೆಯ ಮುಖ್ಯಸ್ಥಾನವಾಗಿತ್ತು. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ವಶವಾದುದನ್ನು ಕಿರ್ಮಾನಿಯು ಪಾರಸಿಯಲ್ಲಿ ಬರೆದನು. ಅದನ್ನು ನಮ್ಮವರು ಬಹುಮಟ್ಟಿಗೆ 1842ರ ಮೈಲ್ಸ್ ಸಾಹೇಬರ ಇಂಗ್ಲಿಷಿನಿಂದಲೇ ತಿಳಿದುಕೊಂಡರು. ನಮ್ಮ ಕೋಟೆಯ ಕಥೆಯನ್ನು ನಾವು ಎರಡನೆಯ ಕೈಯಿಂದ ಓದಿದೆವು. ವಿಜಯಪುರದಲ್ಲಿ ಆದಿಲ್‌ಷಾಹಿ ಕಾಲದ ಪಾರಸೀ ಗ್ರಂಥಗಳನ್ನು ಕನ್ನಡಕ್ಕೆ ತರುವ ಕೆಲಸವು ನಡೆದಿರುವುದು ಸಂತೋಷದ ವಿಷಯ. ಮೈಸೂರಿನ ಕಡೆಯ ಸಾಮಗ್ರಿಗೂ ಅಂಥ ಕೆಲಸವು ಬೇಕು.

ಅರಬ್ಬಿಯು ದೂರದ ಭಾಷೆಯೆಂಬ ಭಾವನೆಯನ್ನು ಮೊದಲು ಬಿಡಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಇವು ತಾಲ್ಲೂಕುಗಳು. 'ತಾಲ್ಲೂಕು' ಅರಬ್ಬಿಯಿಂದ ಬಂದುದು, 'ಜಿಲ್ಲೆ'ಯೂ ಅಲ್ಲಿಂದಲೇ ಬಂದುದು. ಹೊಸದುರ್ಗದ ರೈತನು ತನ್ನ ಹಕ್ಕಿಗಾಗಿ ದಾವೆ ಹೂಡಿ, ವಕೀಲನನ್ನು ಹಿಡಿದು, ಬಾಕಿಯನ್ನು ವಸೂಲುಮಾಡುವಾಗ ಹೆಜ್ಜೆಗೊಂದು ಅರಬ್ಬೀ ಪದವನ್ನು ಆಡುತ್ತಾನೆ. 'ರೈತ'ನೆಂಬ ಅವನ ಹೆಸರೇ ಅರಬ್ಬಿ. 'ಹಕ್ಕು' ಎಂಬುದಕ್ಕೆ ಶಾಸನವಿಧಿಯೆಂಬ ಅರ್ಥದ ಹೀಬ್ರೂ 'ಹೋಕ್' ಬಂಧು. ಈ ಪದಗಳು ಯಾವ ದಫ್ತರಿನ ಮೂಲಕ, ಯಾವ ಕಾಲದಲ್ಲಿ, ಯಾವ ಅರ್ಥದಿಂದ ಯಾವ ಅರ್ಥಕ್ಕೆ ತಿರುಗಿ ಹಳ್ಳಿಯನ್ನು ಮುಟ್ಟಿದುವೆಂಬುದನ್ನು ಈ ತಾಲ್ಲೂಕುಗಳ ಹಳೆಯ ಕಡತಗಳಿಂದ ಶೋಧಿಸಿ ಬರೆಯುವುದು ಸಾಧ್ಯವಾದ ಕೆಲಸ. ಅದಕ್ಕೆ ಕನ್ನಡದ ಉಪಾಧ್ಯಾಯನೂ ಊರಿನ ಮದರಸದ ಮೌಲವಿಯೂ ಒಂದೇ ಮೇಜಿಗೆ ಕೂಡಬೇಕು. ಅಲೀಗಢದಲ್ಲಿ ಹೊರೊವಿಟ್ಜ್ ಮತ್ತು ಫರಾಹೀ ಪಂಡಿತರು ಹಾಗೆ ಕುಳಿತು ನೂರು ವರ್ಷಗಳಿಗೂ ಮಿಕ್ಕಿತು. ನಮ್ಮ ವಿದ್ಯಾಸಂಸ್ಥೆಗಳಲ್ಲಿ ಆ ಮೇಜನ್ನು ಹಾಕಿಸುವ ಭಾರವು ಈ ಪತ್ರಿಕೆಯ ವಾಚಕರಲ್ಲಿ ಅನೇಕರ ಮೇಲಿದೆ.